ಗೋಗಿಯಲ್ಲಿ ಯುರೇನಿಯಂ ಗಣಿ ಬೇಡ ಎನ್ನಲು ಗಟ್ಟಿ ಕಾರಣ ಯಾವುದು, ಊರಿನವರು ಏನು ಮಾಡಬಹುದು?

‘ವಿಕಿರಣ ಬರುತ್ತೆ’ ಎಂದಷ್ಟೇ ಬರೆದ ಆಕ್ಷೇಪಣೆ ಕಡತದಲ್ಲೇ ಉಳಿಯುತ್ತದೆ. ಗಟ್ಟಿ ವಾದ ಇರುವುದು ನೀರಿನಲ್ಲಿ.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇರುವುದು ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟ್‌ನ ಬಿರುಕುಗಳಲ್ಲಿ. ಬೋರ್‌ವೆಲ್‌ಗೆ ನೀರು ಬರುವುದೂ ಬಿರುಕುಗಳಿಂದಲೇ. ಸುಣ್ಣಕಲ್ಲಿನಿಂದ ನೀರಿಗೆ ಸೇರುವ ಬೈಕಾರ್ಬೊನೇಟ್ ಎಂಬ ಲವಣಾಂಶ ಹೆಚ್ಚಿದ್ದರೆ ಅಂಥ ನೀರಿನಲ್ಲಿ ಯುರೇನಿಯಂ ಸಲೀಸಾಗಿ ಕರಗುತ್ತದೆ. ಅದಿರಿನಲ್ಲಿ ಅದರ ಪಾಲು ಶೇ 1ಕ್ಕೂ ಕಡಿಮೆ. ಉಳಿದದ್ದೆಲ್ಲ ಕೆಸರಾಗಿ ಕಟ್ಟೆಯ ಹಿಂದೆ ನಿಲ್ಲುತ್ತದೆ, ಒಳಗೆ ಯುರೇನಿಯಂನಿಂದ ಹುಟ್ಟುವ ವಿಕಿರಣಶೀಲ ಧಾತು ರೇಡಿಯಂ-226 ಸಮೇತ. ಅದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) 1,600 ವರ್ಷ. ಕೆಸರಿನ ನೀರು ನೆಲಕ್ಕೆ ಇಂಗದಂತೆ ಹಾಸುವ ತಳಹಾಸು ಎಷ್ಟು ವರ್ಷ ಬಾಳುತ್ತದೆ ಎಂದು ಲಿಖಿತವಾಗಿ ಕೇಳಿ.

ಗಣಿಗೆ ಮುಂಚಿನ ನೀರಿನ ಪರೀಕ್ಷಾ ವರದಿ ಕೈಯಲ್ಲಿರಲಿ. ಇಲ್ಲದಿದ್ದರೆ ಮುಂದೆ ‘ಇದು ಮೊದಲಿಂದಲೂ ಇತ್ತು’ ಎಂಬ ಉತ್ತರ ಬರುತ್ತದೆ (ಕೆಲವು ಬಾವಿಗಳಲ್ಲಿ ಅದು ನಿಜವೂ ಆಗಬಹುದು). ಪಂಪ್ ಹತ್ತು ನಿಮಿಷ ಓಡಿಸಿ, ಪ್ರಯೋಗಾಲಯ ಕೊಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡಿಯಿರಿ. ನೈಟ್ರಿಕ್ ಆಮ್ಲ ಬೆರೆಸದೆ ಇಟ್ಟರೆ ಯುರೇನಿಯಂ ಬಾಟಲಿಯ ಒಳಮೈಗೆ ಅಂಟಿ ಅಳತೆ ಕಡಿಮೆ ತೋರಿಸುತ್ತದೆ. ಬೇಸಿಗೆಯಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಮಾಡಿಸಿ. ಕುಡಿಯುವ ನೀರಿನಲ್ಲಿ ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು 60. ನೀರು ಕಾಯಿಸಿದರೆ ಯುರೇನಿಯಂ ಹೋಗುವುದಿಲ್ಲ, ಆರ್‌ಒ ತೆಗೆಯುತ್ತದೆ. ಆದರೆ ಆರ್‌ಒ ಹೊರಬಿಟ್ಟ ನೀರನ್ನು ದನಕ್ಕೆ ಕುಡಿಸಬೇಡಿ.

ಸಾರ್ವಜನಿಕ ಆಲಿಕೆಗೆ ಕಾಯುತ್ತ ಕೂರಬೇಡಿ. ಪರಮಾಣು ಖನಿಜಗಳ ಗಣಿಗಾರಿಕೆಗೆ ಕೇಂದ್ರ ಪರಿಸರ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಅದರಿಂದ ವಿನಾಯಿತಿ ಕೊಟ್ಟಿದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ವರದಿ ಲಗತ್ತಿಸಿ ಸಚಿವಾಲಯಕ್ಕೂ ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.