ಚಿಕ್ಕಪ್ಪನ ಅಪರಕ್ರಿಯೆ, ಆಸ್ಪತ್ರೆ, ವಕೀಲರ ಖರ್ಚು ಎಕ್ಸಿಕ್ಯೂಟರ್ ಕೈಯಿಂದಲೇ ಹೋಗ್ಬೇಕಾ?

ನೀವು ಬರೆದಿರೋದ್ರಿಂದ ನನಗೆ ಅರ್ಥ ಆಗಿದ್ದು ಇಷ್ಟು. ಚಿಕ್ಕಪ್ಪ ವಿಲ್‌ನಲ್ಲಿ ನಿಮ್ಮನ್ನ ಎಕ್ಸಿಕ್ಯೂಟರ್, ಅಂದ್ರೆ ವಿಲ್ ಜಾರಿ ಮಾಡೋ ಹೊಣೆಗಾರ, ಮಾಡಿ ಹೋಗಿದಾರೆ, ಆಸ್ಪತ್ರೆ ಬಾಕಿಯಿಂದ ಹಿಡ್ದು ವೈಕುಂಠ ಸಮಾರಾಧನೆವರೆಗೂ ದುಡ್ಡು ನಿಮ್ಮ ಜೇಬಿಂದ ಹೋಗಿದೆ, ಈಗ ವಾಪಸ್ ಕೇಳಿದ್ರೆ ಅವರ ಮಗ "ಅಪ್ಪನ ಕರ್ಮಕ್ಕೂ ಲೆಕ್ಕ ಹಾಕ್ತೀಯಾ" ಅಂತಿದಾರೆ.

ಕೇಳಿ, ಸಂಕೋಚ ಇಲ್ದೆ ಕೇಳಿ. ನಮ್ಮ ಸೋದರಮಾವನ ವಿಲ್‌ಗೆ ನಾನೂ ಎಕ್ಸಿಕ್ಯೂಟರ್ ಆಗಿದ್ದವನು, ಇದೇ ಮಾತು ನನಗೂ ಬಂದಿತ್ತು. 1925ರ ಇಂಡಿಯನ್ ಸಕ್ಸೆಶನ್ ಆಕ್ಟ್‌ನ ಸೆಕ್ಷನ್ 316 ಏನು ಹೇಳುತ್ತೆ ಅಂದ್ರೆ, ತೀರಿಕೊಂಡವರು ಸಾಕಷ್ಟು ಆಸ್ತಿ ಬಿಟ್ಟು ಹೋಗಿದ್ರೆ ಅವರ ಅಂತಸ್ತಿಗೆ ತಕ್ಕ ಹಾಗೆ ಅಗತ್ಯವಾದ ಉತ್ತರಕ್ರಿಯೆಗೆ ದುಡ್ಡು ಹೊಂದಿಸೋದು ಎಕ್ಸಿಕ್ಯೂಟರ್ ಕರ್ತವ್ಯ. ಆಮೇಲೆ ಸೆಕ್ಷನ್ 320 ಪ್ರಕಾರ ಆ ಖರ್ಚು ಮತ್ತೆ ಕೊನೆಗಾಲದ ಖರ್ಚು, ಅಂದ್ರೆ ಡಾಕ್ಟರ್ ಫೀಸು, ಸಾವಿಗೆ ಮುಂಚಿನ ಒಂದು ತಿಂಗಳ ಊಟ ವಸತಿ ಎಲ್ಲ ಸೇರಿ, ಯಾವ ಸಾಲಕ್ಕಿಂತಲೂ ಮೊದಲು ಆಸ್ತಿಯಿಂದ ತೀರಬೇಕು. ಕೈಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿದ್ರೂ ಮೊದಲು ಇದೇ.

ಜಗಳ ಬರೋದು ಎಷ್ಟರವರೆಗೆ ಅನ್ನೋದರಲ್ಲಿ. ಕಾನೂನಲ್ಲಿ ಇಷ್ಟು ರೂಪಾಯಿ ಅಂತ ಇಲ್ಲ, ನ್ಯಾಯವಾದ ಮೊತ್ತ, ಅವರ ಸ್ಥಿತಿಗತಿಗೆ ತಕ್ಕದ್ದು, ಅಷ್ಟೇ ಇರೋದು. ಆಂಬುಲೆನ್ಸ್, ಚಟ್ಟದ ಸಾಮಾನು, ಚಿತಾಗಾರದ ಶುಲ್ಕ, ಪುರೋಹಿತರ ದಕ್ಷಿಣೆ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಅಸ್ಥಿ ಬಿಟ್ಟು ಬಂದ ಗಾಡಿ ಬಾಡಿಗೆ, ಹತ್ತು ಹನ್ನೊಂದು ಹನ್ನೆರಡರ ಕಾರ್ಯದ ಅಡುಗೆಯವರ ಕೂಲಿ, ಇವನ್ನೆಲ್ಲ ನಾನು ಹಾಕಿದ್ದೆ, ಯಾರೂ ಪ್ರಶ್ನೆ ಮಾಡಲಿಲ್ಲ. ಆದ್ರೆ ಕಲ್ಯಾಣ ಮಂಟಪ ಹಿಡಿದು ಊರಿಗೆಲ್ಲ ಊಟ ಹಾಕಿ ಬಂದವರಿಗೆಲ್ಲ ಸ್ಟೀಲ್ ಪಾತ್ರೆ ಹಂಚಿದ್ದು, ಪೇಪರ್‌ನಲ್ಲಿ ಅರ್ಧ ಪುಟ ಶ್ರದ್ಧಾಂಜಲಿ ಜಾಹೀರಾತು, ಇಂಥವು ಚಿಕ್ಕಪ್ಪ ಬದುಕಿದ್ದ ರೀತಿಗೆ ಹೊಂದುತ್ತಾ ಅಂತ ನೋಡಬೇಕು. ಪೆನ್ಶನ್‌ನಲ್ಲಿ ಸರಳವಾಗಿ ಇದ್ದವರಿಗೆ ಅದು ಹೆಚ್ಚಾಯ್ತು ಅಂತ ವಾರಸುದಾರರು ಹೇಳಿದ್ರೆ ಕೋರ್ಟ್ ಕೇಳುತ್ತೆ. ಮತ್ತೆ ವರ್ಷಾಂತಿಕ, ಅವರ ಹೆಸರಲ್ಲಿ ದೇವಸ್ಥಾನಕ್ಕೆ ದೇಣಿಗೆ, ಶಾಲೆಗೆ ಬೆಂಚು, ಇವನ್ನ ಅಂತ್ಯಕ್ರಿಯೆ ಲೆಕ್ಕಕ್ಕೆ ಸೇರಿಸಬೇಡಿ. ಧಾರ್ಮಿಕ, ದಾನಧರ್ಮದ ಖರ್ಚನ್ನ ಎಕ್ಸಿಕ್ಯೂಟರ್ ಆಸ್ತಿಯಿಂದ ಮಾಡೋಕೆ ಸೆಕ್ಷನ್ 308ರಲ್ಲಿ ಹೈಕೋರ್ಟ್ ಅನುಮತಿ ಬೇಕು ಅಂತಿದೆ, ವಿಲ್‌ನಲ್ಲೇ ಬರೆದಿದ್ರೆ ಅದು ಬೇರೆ ಮಾತು. ಎಲ್ಲ ವಾರಸುದಾರರೂ ಒಪ್ಪಿ ಸಹಿ ಹಾಕಿ ಕೊಟ್ರೆ ತೊಂದರೆ ಇರಲ್ಲ.

ಆಸ್ಪತ್ರೆ ಬಿಲ್ಲಲ್ಲಿ ಇನ್ಶೂರೆನ್ಸ್ ಕೊಟ್ಟಿದ್ದು ಕಳೆದು ನೀವು ಕಟ್ಟಿದ್ದಷ್ಟೇ ಬರೀರಿ.

ಅಂತ್ಯಕ್ರಿಯೆ ಆದ್ಮೇಲೆ ಎರಡನೇ ಸಾಲಿನಲ್ಲಿ ಬರೋದು ಸೆಕ್ಷನ್ 321, ಪ್ರೊಬೇಟ್ (ವಿಲ್ ಸರಿಯಾದ್ದು ಅಂತ ಕೋರ್ಟ್ ಕೊಡೋ ಪ್ರಮಾಣ) ತಗೊಳ್ಳೋ ಖರ್ಚು, ಆಸ್ತಿ ವಿಲೇವಾರಿಗೆ ಬೇಕಾದ ಕೋರ್ಟ್ ಖರ್ಚು. ಕೋರ್ಟ್ ಫೀ, ವಕೀಲರ ಫೀಸು, ಪೇಪರ್ ನೋಟಿಸ್ ಎಲ್ಲ ಇದರಲ್ಲೇ. ಬೆಂಗಳೂರಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಏನಲ್ಲ, ಆದ್ರೆ ಮನೆಯವರಲ್ಲಿ ತಕರಾರು ಇದ್ರೆ ತಗೊಳ್ಳೋದೇ ಒಳ್ಳೇದು. ನೀವೂ ವಿಲ್‌ನಲ್ಲಿ ಪಾಲುದಾರರಾಗಿದ್ದು ನಿಮ್ಮ ಸ್ವಂತ ಪಾಲಿಗೋಸ್ಕರ ಹೊಡೆದಾಡಿದ್ರೆ ಆ ವಕೀಲರ ಫೀಸು ನಿಮ್ಮದೇ, ಅದನ್ನ ಇದರ ಜೊತೆ ಕಲೆಸಬೇಡಿ. ಮೂರನೇದು ಮನೆಕೆಲಸದವರು, ಕೂಲಿಯವರು ಇವರಿಗೆ ಕೊನೇ ಮೂರು ತಿಂಗಳಲ್ಲಿ ಬಾಕಿ ಉಳಿದ ಸಂಬಳ. ಇದನ್ನ ಜನ ಮರೆತೇಬಿಡ್ತಾರೆ, ದಯವಿಟ್ಟು ಮರೀಬೇಡಿ, ಚಿಕ್ಕಪ್ಪನ್ನ ನೋಡ್ಕೊಂಡ ಹೆಂಗಸು ಇದ್ರೆ ಆಕೆ ಬಂದು ಕೇಳೋ ಮೊದಲೇ ಕೊಡಿ. ಆಮೇಲೆ ಮಿಕ್ಕ ಸಾಲಗಳು.

ನೀವು ಚಿಕ್ಕಪ್ಪನಿಗೆ ಹಿಂದೆ ಯಾವಾಗಲೋ ಕೊಟ್ಟ ಕೈಸಾಲ ಇದ್ರೆ ಅದಕ್ಕೆ ಆದ್ಯತೆ ಇಲ್ಲ. ಸೆಕ್ಷನ್ 323ರಲ್ಲಿ ಎಕ್ಸಿಕ್ಯೂಟರ್ ಸಾಲವೂ ಉಳಿದವರ ಸಾಲದ ಜೊತೆ ಸಮವಾಗಿ, ಪ್ರಮಾಣದ ಪ್ರಕಾರ ತೀರಬೇಕು ಅಂತಿದೆ.

ಮನೆ ಖರ್ಚಿಗೆ ಬರೋಣ. ಬೀಗ ಹಾಕಿದ ಮನೆಗೆ ಕರೆಂಟ್ ಬಿಲ್, ಸೋರ್ತಿರೋ ತಾರಸಿ ರಿಪೇರಿ, ಕಾವಲುಗಾರ, ಆಡಿಟರ್ ಫೀಸು, ಇವೆಲ್ಲ ಆಸ್ತಿ ಕಾಪಾಡೋ ಖರ್ಚು, ಬರುತ್ತೆ. ಕಂದಾಯದ್ದು ಮಾತ್ರ ಸ್ವಲ್ಪ ಸೂಕ್ಷ್ಮ. ವಿಲ್‌ನಲ್ಲಿ ಮನೆ ಇಂಥವರಿಗೆ ಅಂತ ಬರೆದಿದ್ರೆ ಸಾವಿನ ದಿನದವರೆಗಿನ ಪಾಲು ಮಾತ್ರ ಆಸ್ತಿಯಿಂದ, ಆಮೇಲಿಂದು ಮನೆ ಪಡೆಯೋರದ್ದು. ಸೆಕ್ಷನ್ 169ರ ಉದಾಹರಣೆ ಎಷ್ಟು ಚೆನ್ನಾಗಿದೆ ನೋಡಿ, ವರ್ಷಕ್ಕೆ 365 ರೂಪಾಯಿ ಬಾಡಿಗೆ ಕಟ್ಟೋ ಮನೆ, ಬಾಡಿಗೆ ಕಟ್ಟಿ 25 ದಿನಕ್ಕೆ ಆತ ತೀರಿಕೊಂಡ, ಆಸ್ತಿಯಿಂದ 25 ರೂಪಾಯಿ. ಲೆಕ್ಕ ಹಾಕೋದು ಹಾಗೆ.

ನಿಮ್ಮ ಓಡಾಟದ ಬಸ್ಸು ರೈಲು ಚಾರ್ಜು, ಜೆರಾಕ್ಸ್, ನೋಟರಿ, ಕೊರಿಯರ್ ಇವು ನಿಜವಾಗಿ ಖರ್ಚಾದಷ್ಟು ಬರುತ್ತೆ. ನಿಮ್ಮ ಸಮಯಕ್ಕೆ, ರಜೆ ಹಾಕಿದ್ದಕ್ಕೆ ಕೂಲಿ ಅಂತ ನೀವೇ ಒಂದು ಮೊತ್ತ ಬರ್ಕೊಳ್ಳೋಕೆ ಆಗಲ್ಲ. ವಿಲ್‌ನಲ್ಲೇ ಏನಾದ್ರೂ ಕೊಟ್ಟಿದಾರಾ ನೋಡಿ. ಕಮಿಷನ್ ವಿಷಯ ಬಂದ್ರೆ ಸೆಕ್ಷನ್ 309ರಲ್ಲಿ ಮೇಲ್ಮಿತಿ ಇದೆ, ಅಡ್ಮಿನಿಸ್ಟ್ರೇಟರ್ ಜನರಲ್‌ಗೆ (ತೀರಿಕೊಂಡವರ ಆಸ್ತಿ ನೋಡ್ಕೊಳ್ಳೋ ಸರ್ಕಾರಿ ಅಧಿಕಾರಿ) ಇರೋ ದರಕ್ಕಿಂತ ಜಾಸ್ತಿ ಹಿಡಿಯೋ ಹಾಗಿಲ್ಲ.

ಈಗ ದಾಖಲೆ. ನಾನು ಒಂದು ಉದ್ದ ಲೆಡ್ಜರ್ ಪುಸ್ತಕ ತಂದು ಎಡಗಡೆ ಪುಟಕ್ಕೆ ರಸೀದಿ ಅಂಟಿಸಿ ಬಲಗಡೆ ತಾರೀಖು, ಯಾರಿಗೆ, ಯಾಕೆ, ಎಷ್ಟು ಅಂತ ಬರೀತಿದ್ದೆ. ಪುರೋಹಿತರು, ಹೂವಿನವರು, ಸ್ಮಶಾನದ ಕೆಲಸದವರು ರಸೀದಿ ಕೊಡಲ್ಲ, ಹಾಗಾಗಿ ಒಂದು ಬಿಳಿ ಹಾಳೆಲಿ ನಾನೇ ಬರೆದು ಅವರ ಸಹಿ ತಗೊಳ್ತಿದ್ದೆ, ಇಲ್ಲಾ ಯುಪಿಐನಲ್ಲಿ ಕಳಿಸಿ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕ್ತಿದ್ದೆ. ಪಾಲುದಾರರು ಕೂತು ಪುಟ ತಿರುವಿದಾಗ ಅರ್ಧ ಮಾತು ಅಲ್ಲೇ ನಿಂತುಹೋಯ್ತು. ಪ್ರೊಬೇಟ್ ತಗೊಂಡ್ರೆ ಇದು ಹೇಗಿದ್ರೂ ಬೇಕು, ಸೆಕ್ಷನ್ 317 ಪ್ರಕಾರ ಆರು ತಿಂಗಳಲ್ಲಿ ಆಸ್ತಿ ಪಟ್ಟಿ, ಒಂದು ವರ್ಷದಲ್ಲಿ ಲೆಕ್ಕ ಕೋರ್ಟಿಗೆ ಕೊಡಬೇಕು.

ಚಿಕ್ಕಪ್ಪನ ಎಟಿಎಂ ಕಾರ್ಡ್ ನಿಮ್ಮ ಹತ್ರ ಇದ್ರೂ ಅದರಿಂದ ಒಂದು ರೂಪಾಯಿ ತೆಗೀಬೇಡಿ, ನಿಮಗೆ ಬರಬೇಕಾದ ದುಡ್ಡೇ ಆದ್ರೂ ನಾಳೆ ಅದನ್ನೇ ಕಳ್ಳತನ ಅಂತಾರೆ. ಬ್ಯಾಂಕಿಗೆ ಮರಣ ಪತ್ರ, ವಿಲ್ ತಗೊಂಡು ಹೋಗಿ ಅವರ ಎಸ್ಟೇಟ್ (ಬಿಟ್ಟುಹೋದ ಆಸ್ತಿ) ಹೆಸರಲ್ಲಿ ಅಕೌಂಟ್ ತೆರೆಯೋಕೆ ಕೇಳಿ, ಬರೋ ದುಡ್ಡೆಲ್ಲ ಅದಕ್ಕೇ ಬರ್ಲಿ, ನಿಮ್ಮ ಖರ್ಚು ಅಲ್ಲಿಂದ ಚೆಕ್ ಮೂಲಕವೇ ತಗೊಳ್ಳಿ. ನಾಮಿನಿ ಅವರ ಮಗನೇ ಆಗಿದ್ರೂ ಆತ ಆ ದುಡ್ಡಿಗೆ ಯಜಮಾನ ಅಲ್ಲ, ವಿಲ್ ಪ್ರಕಾರ ಸೇರಬೇಕಾದವರಿಗೆ ಸೇರೋ ದುಡ್ಡು ಅದು.

ಮಗ ಒಪ್ಪಲಿಲ್ಲ ಅಂದ್ರೆ ಮನೇಲಿ ಕೂತು ವಾದ ಮಾಡಬೇಡಿ. ಲೆಕ್ಕದ ಪ್ರತಿ, ರಸೀದಿಗಳ ಜೆರಾಕ್ಸ್ ಎಲ್ಲ ಪಾಲುದಾರರಿಗೂ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಯಾವ ಸಾಲಿಗೆ ತಕರಾರು ಅಂತ ಬರೆದು ಕೊಡಿ ಅನ್ನಿ. ಸಾವಾಗಿ ಒಂದು ವರ್ಷ ಆಗೋವರೆಗೂ ಎಕ್ಸಿಕ್ಯೂಟರ್ ಪಾಲು ಕೊಡಲೇಬೇಕು ಅಂತ ಇಲ್ಲ, ಸೆಕ್ಷನ್ 337. ಅಷ್ಟರಲ್ಲಿ ಅಂತ್ಯಕ್ರಿಯೆ, ಕೋರ್ಟು, ಸಂಬಳ, ಸಾಲ ಈ ಕ್ರಮದಲ್ಲೇ ತೀರಿಸಿ, ತಕರಾರಿರೋ ಮೊತ್ತವನ್ನ ಅಕೌಂಟಲ್ಲೇ ಬಿಟ್ಟು, ಉಳಿದಿದ್ದನ್ನ ಹಂಚಿ.