ಹಾಯಿದೋಣಿ, ಪುಟ್ಟ ಮಕ್ಕಳು, ತುಪ್ಪದ ಡಬ್ಬಿ

ಪ್ರಶ್ನೆ: ನಮಗೆ 7 ವರ್ಷದ ಮಗಳು, 3 ವರ್ಷದ ಮಗ. ಮೇ ರಜೆಯಲ್ಲಿ ಗ್ರೀಸ್‌ಗೆ ಹೋಗಿ, ಹಾಯಿದೋಣಿ ಬಾಡಿಗೆಗೆ ತಗೊಂಡು ಒಂದು ವಾರ ಅದರಲ್ಲೇ ಇರೋಣ ಅನ್ನುತ್ತಾರೆ ನಮ್ಮವರು. ಅದೂ ಸಾಂಟೊರಿನಿ ಕಡೆಯೇ ಆಗಬೇಕಂತೆ. ‘ಮಕ್ಕಳನ್ನ ನೀರಿನ ಮೇಲೆ ಮಲಗಿಸ್ತೀರಾ, ಬುದ್ಧಿ ಇದೆಯಾ?’ ಅಂತ ಅತ್ತೆ ಬೈಯುತ್ತಿದ್ದಾರೆ. ಯಾರ ಮಾತು ಕೇಳಲಿ?
– ಓದುಗಿ, ವಿಜಯನಗರ

ಉತ್ತರ: ನಿಮ್ಮವರ ಆಸೆ ಸರಿ, ಆರಿಸಿಕೊಂಡ ಜಾಗ ಸರಿಯಿಲ್ಲ. ಸಾಂಟೊರಿನಿ ಇರುವುದು ಏಜಿಯನ್ ಸಮುದ್ರದಲ್ಲಿ. ಅಲ್ಲಿ ಬೇಸಿಗೆಯಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ಅದರ ಅಬ್ಬರ ಜುಲೈ, ಆಗಸ್ಟ್‌ನಲ್ಲಿ ಜಾಸ್ತಿ, ಮೇನಲ್ಲಿ ಅಷ್ಟಿಲ್ಲ ನಿಜ. ಆದರೂ ದ್ವೀಪದಿಂದ ದ್ವೀಪಕ್ಕೆ ದೂರ, ನಡುವೆ ಬರೀ ಬಯಲು ಸಮುದ್ರ. ಸಾಂಟೊರಿನಿಯ ಊರುಗಳೋ ಬಂಡೆಯ ನೆತ್ತಿಯಲ್ಲಿವೆ, ಕೆಳಗೆ ಲಂಗರು ತಳ ಮುಟ್ಟದಷ್ಟು ಆಳ. ಫೋಟೊದಲ್ಲಿ ಇದೆಲ್ಲ ಕಾಣಲ್ಲ, ಅಲ್ವಾ?

ಗ್ರೀಸ್‌ನ ಪಶ್ಚಿಮಕ್ಕೆ ಅಯೋನಿಯನ್ ಸಮುದ್ರವಿದೆ. ಲೆಫ್ಕಾಡ, ಮೆಗಾನಿಸಿ, ಇಥಾಕಾ ದ್ವೀಪಗಳು ಒಂದರ ಪಕ್ಕ ಒಂದು. ಅಥೆನ್ಸ್‌ನಿಂದ ಲೆಫ್ಕಾಡಕ್ಕೆ ಕಾರಲ್ಲಿ ಸುಮಾರು 5 ಗಂಟೆ, ಸೇತುವೆ ಇರುವುದರಿಂದ ಫೆರ್ರಿ ಬೇಕಿಲ್ಲ. ಅಲ್ಲಿನ ನೀದ್ರಿ ಬಂದರಿನಿಂದ ಮೆಗಾನಿಸಿಗೆ ಸುಮಾರು 5 ನಾಟಿಕಲ್ ಮೈಲು, ಅಂದರೆ 9 ಕಿಲೋಮೀಟರ್. ಹಾಯಿದೋಣಿ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಓಡುವುದು. ಸಂಜೆ ಹೊತ್ತಲ್ಲಿ ವಿಜಯನಗರದಿಂದ ಕೋರಮಂಗಲಕ್ಕೆ ಹೋದಷ್ಟೇ ಅನ್ನಿ, ಹಾರ್ನ್ ಮಾತ್ರ ಇರಲ್ಲ.

ಅಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಗಾಳಿ ತೀರಾ ಕಡಿಮೆ. ಮಧ್ಯಾಹ್ನ ವಾಯವ್ಯದಿಂದ ಎದ್ದು, ಸಂಜೆಗೆ ಇಳಿಯುತ್ತದೆ. ಮಕ್ಕಳಿರುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಬೆಳಿಗ್ಗೆ ದಡದ ಹತ್ತಿರ ನೀರಾಟ. ಮೇನಲ್ಲಿ ನೀರು ಇನ್ನೂ ತಣ್ಣಗಿರುತ್ತದೆ, ತುಟಿ ನೀಲಿಯಾಗುವ ಮೊದಲೇ ಮೇಲೆತ್ತಿ. ಆಮೇಲೆ ಊಟ ಮಾಡಿಸಿ, ಚಿಕ್ಕವನಿಗೆ ಕಣ್ಣು ಕೂರುವಾಗ ಹಾಯಿ ಬಿಚ್ಚಿಸಿ. ನನ್ನ ಕಿರಿಯವಳು ಮೆಗಾನಿಸಿಯಿಂದ ಇಥಾಕಾವರೆಗಿನ ದಾರಿಯನ್ನು ನಿದ್ದೆಯಲ್ಲೇ ಮುಗಿಸಿದಳು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಪ್ರಯಾಣ ಇಟ್ಟುಕೊಳ್ಳಬೇಡಿ. ಉಳಿದ ಸಲಹೆ ಬಿಟ್ಟರೂ ಇದೊಂದನ್ನು ಬಿಡಬೇಡಿ.

ದೋಣಿ ನಡೆಸುವ ಪ್ರಮಾಣಪತ್ರ ಇಲ್ಲದವರ ಕೈಗೆ ಅಲ್ಲಿ ಹಾಯಿದೋಣಿ ಕೊಡುವುದಿಲ್ಲ. ಸ್ಕಿಪ್ಪರ್, ಅಂದರೆ ದೋಣಿ ನಡೆಸುವವರು ಬೇಕು. ಅವರ ಸಂಬಳ ಬೇರೆ, ಮಲಗಲು ಜಾಗ ಕೊಡಬೇಕು, ಊಟವೂ ನಿಮ್ಮದೇ. ನಮ್ಮ ಸ್ಕಿಪ್ಪರ್ ಚಿತ್ರಾನ್ನದ ಮೇಲೆ ಮೊಸರು ಸುರಿದುಕೊಂಡು ತಿನ್ನುತ್ತಿದ್ದ. ನಾವು ಸುಮ್ನೆ ನೋಡುತ್ತಿದ್ದೆವು. ಹಣಕ್ಕೆ ತೊಂದರೆ ಇಲ್ಲದಿದ್ದರೆ ಎರಡು ಒಡಲಿನ ಕ್ಯಾಟಮರಾನ್ ತಗೊಳ್ಳಿ, ಗಾಳಿಗೆ ಅಷ್ಟಾಗಿ ವಾಲುವುದಿಲ್ಲ. ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ವಿಮಾನದ ಟಿಕೆಟ್ ಅದನ್ನು ನೋಡಿಕೊಂಡು ಮಾಡಿಸಿ.

ಇನ್ನು ಅತ್ತೆಯವರ ಮಾತು. ರಾತ್ರಿ ದೋಣಿ ನಡುನೀರಲ್ಲಿ ಇರುವುದಿಲ್ಲ, ಯಾವುದಾದರೂ ಹಳ್ಳಿಯ ದಕ್ಕೆಗೆ ಕಟ್ಟಿರುತ್ತಾರೆ ಅಂತ ಹೇಳಿ. ಎದುರಿಗೇ ಹೋಟೆಲು, ದೀಪ, ಜನ. ಆದರೆ ಅವರ ಭಯ ಸುಳ್ಳೇನಲ್ಲ. ದೋಣಿಯ ಹಿಂಭಾಗ ದಕ್ಕೆಯ ಕಡೆಗಿರುತ್ತದೆ, ಇಳಿಯಲು ಒಂದು ಕಿರಿದಾದ ಹಲಗೆ ಹಾಕುತ್ತಾರೆ. ನಡುಸಮುದ್ರಕ್ಕಿಂತ ನನಗೆ ಹೆದರಿಕೆ ಈ ಹಲಗೆಯದೇ. ದಕ್ಕೆ ದಾಟುವವರೆಗೆ ಮಕ್ಕಳ ಲೈಫ್‌ಜಾಕೆಟ್ ಬಿಚ್ಚಬೇಡಿ.

ಜಾಕೆಟ್ ವಯಸ್ಸಿನ ಲೆಕ್ಕದ್ದಲ್ಲ, ತೂಕದ್ದು. ಬುಕ್ ಮಾಡುವಾಗಲೇ ಇಬ್ಬರ ತೂಕ ಬರೆದು ಕಳಿಸಿ. ಕಾಲ ಸಂದಿಯಲ್ಲಿ ಹಾಯುವ ಪಟ್ಟಿ ಇರಲೇಬೇಕು. ಹಾಕಿದ ಮೇಲೆ ಜಾಕೆಟ್ಟಿನ ಹೆಗಲು ಹಿಡಿದು ಮೇಲಕ್ಕೆತ್ತಿ ನೋಡಿ. ಮಗುವೂ ಜೊತೆಗೆ ಬಂದರೆ ಸರಿ. ಜಾಕೆಟ್ ಕಿವಿಯವರೆಗೆ ಏರಿ, ಮಗು ಅಲ್ಲೇ ಉಳಿದರೆ ಅದು ಬೇಡ, ಬೇರೆ ಕೇಳಿ. ತೋಳಿಗೆ ಹಾಕುವ ಗಾಳಿಚೀಲ ಈಜುಕೊಳಕ್ಕೆ ಸರಿ, ಇಲ್ಲಿಗಲ್ಲ. ದೋಣಿಯ ಅಂಚಿನ ತಂತಿಗಳಿಗೆ ಬಲೆ ಕಟ್ಟಿಕೊಡುತ್ತಾರಾ ಅಂತಲೂ ಮೊದಲೇ ವಿಚಾರಿಸಿ.

ವಾಂತಿಯ ವಿಷಯದಲ್ಲಿ, 2 ವರ್ಷದಿಂದ 12 ವರ್ಷದ ಮಕ್ಕಳಿಗೆ ಕಾಟ ಜಾಸ್ತಿ. ಮಳೆಗಾಲಕ್ಕೆ ಮೊದಲು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಒಮ್ಮೆ ದೋಣಿಯಲ್ಲಿ ಕರೆದುಕೊಂಡು ಹೋಗಿ ಬನ್ನಿ, ಅಂದಾಜು ಸಿಗುತ್ತದೆ. ದೋಣಿ ಓಡುವಾಗ ಒಳಗೆ ಕೂತು ಮೊಬೈಲ್ ನೋಡಲು ಬಿಡಬೇಡಿ. ಹೊರಗೆ ಕೂರಿಸಿ, ದೂರದ ದಡ ತೋರಿಸಿ. ಮಾತ್ರೆ ಬೇಕಾದರೆ ಮಕ್ಕಳ ಡಾಕ್ಟರನ್ನೇ ಕೇಳಿ. ಬಸ್ಸಿಗೆಂದು ನಾವು ನುಂಗುವ ಮಾತ್ರೆಯನ್ನು ಅರ್ಧ ಮಾಡಿ ಕೊಡಬೇಡಿ.

ಪ್ರಶ್ನೆ: ಮಗಳು, ಅಳಿಯ, ಮೊಮ್ಮಗಳ ಜೊತೆ ಕ್ರೊಯೇಷಿಯಾದಲ್ಲಿ ದೋಣಿ ಪ್ರವಾಸ ಹೊರಟಿದ್ದೇವೆ. ಅಡುಗೆ ನನ್ನದೇ. ತುಪ್ಪ, ಕರಿಬೇವು ಒಯ್ಯಬಹುದೇ?
– ಓದುಗರು, ಮಲ್ಲೇಶ್ವರ

ಉತ್ತರ: ಎರಡೂ ಬೇಡ ಸಾರ್. ಯುರೋಪಿಯನ್ ಒಕ್ಕೂಟದೊಳಕ್ಕೆ ನಮ್ಮಂಥ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ, ತುಪ್ಪವೂ ಅದರಲ್ಲೇ ಬಂತು. ಹಸಿ ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. ಕರಿಬೇವನ್ನು ಇಲ್ಲೇ ಹುರಿದು ಚಟ್ನಿಪುಡಿಗೆ ಸೇರಿಸಿಬಿಡಿ. ಸಾರಿನಪುಡಿ, ಉಪ್ಪಿಟ್ಟಿನ ರವೆ, ಅವಲಕ್ಕಿ ಇಟ್ಟುಕೊಳ್ಳಿ. ಅದರಲ್ಲೂ ಅವಲಕ್ಕಿ ಜಾಸ್ತಿ ಇರಲಿ, ದೋಣಿ ಕುಲುಕುವಾಗ ಒಲೆ ಹಚ್ಚದೇ ತಿಂಡಿ ಆಗುತ್ತದೆ. ಟ್ಯಾಂಕಿನ ನೀರು ಲೆಕ್ಕದ್ದು. ನಮ್ಮ ಮನೆಯ ಹಾಗೆ ನಲ್ಲಿ ಬಿಟ್ಟು ಪಾತ್ರೆ ತೊಳೆದರೆ ಸ್ನಾನಕ್ಕೆ ನೀರಿರಲ್ಲ.

ಪ್ರಶ್ನೆ: ಗ್ರೀಸ್, ಕ್ರೊಯೇಷಿಯಾದಂಥ ಯುರೋಪಿನ ದೇಶಗಳಿಗೆ ಬೇಕಾಗುವ ಷೆಂಗೆನ್ ವೀಸಾಗೆ ಮಕ್ಕಳಿಗೂ ಶುಲ್ಕ ಪೂರ್ತಿ ಕಟ್ಟಬೇಕೇ?
– ಓದುಗಿ, ಬನಶಂಕರಿ

ಉತ್ತರ: ಇಲ್ಲ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6 ತುಂಬಿ 12 ತುಂಬದವರಿಗೆ 45, ಇನ್ನೂ ಚಿಕ್ಕವರಿಗೆ ಶುಲ್ಕವಿಲ್ಲ. ಅರ್ಜಿ ಮಾತ್ರ ಒಬ್ಬೊಬ್ಬರಿಗೂ ಬೇರೆ. ವಿಮೆ ಕನಿಷ್ಠ 30,000 ಯೂರೊದ್ದು ಇರಬೇಕು. ಪಾಲಿಸಿಯಲ್ಲಿ ಹಾಯಿದೋಣಿ ಪ್ರವಾಸವೂ ಸೇರಿದೆಯಾ ಅಂತ ಏಜೆಂಟರನ್ನು ಕೇಳಿ, ಉತ್ತರವನ್ನು ಬಾಯಿಮಾತಲ್ಲಿ ಬಿಡದೆ ಮೇಲ್‌ನಲ್ಲಿ ತರಿಸಿಕೊಳ್ಳಿ.