ರಾಜಕಾಲುವೆ ಕಾಮಗಾರಿ ಶೇ 90ರಷ್ಟು ಮುಗಿದರೂ ಮನೆಗೆ ನೀರು ನುಗ್ಗುವುದೇಕೆ?

ಪ್ರಶ್ನೆ: ನಮ್ಮ ಬಡಾವಣೆ ಪೂರ್ವ ಬೆಂಗಳೂರಿನ ತಗ್ಗಿನಲ್ಲಿದೆ. ಪಕ್ಕದ ರಾಜಕಾಲುವೆಗೆ ನಾಲ್ಕು ವರ್ಷಗಳಿಂದ ತಡೆಗೋಡೆ ಕಟ್ಟುತ್ತಿದ್ದಾರೆ. ವಿಚಾರಿಸಿದಾಗಲೆಲ್ಲ ಶೇ 90ರಷ್ಟು ಕೆಲಸ ಮುಗಿದಿದೆ ಎಂಬ ಉತ್ತರ ಬರುತ್ತದೆ. ಆದರೂ ಕಳೆದ ಮಳೆಗಾಲದಲ್ಲಿ ಮೂರು ಸಲ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತು. ಈಗ ವಿಶ್ವಬ್ಯಾಂಕ್ ಸಾಲದಲ್ಲಿ ಸುಮಾರು 2,000 ಕೋಟಿ ರೂಪಾಯಿಗೆ 173 ಕಿ.ಮೀ. ಕಾಲುವೆ ಅಭಿವೃದ್ಧಿ ಎಂದು ಪತ್ರಿಕೆಗಳಲ್ಲಿ ಓದಿದೆ. ಕಿಲೋಮೀಟರಿಗೆ ಹನ್ನೊಂದು ಕೋಟಿಗೂ ಹೆಚ್ಚಾಯಿತು. ಇಷ್ಟು ಹಣ ಏಕೆ ಬೇಕು? ಅದು ಖರ್ಚಾದ ಮೇಲಾದರೂ ನೀರು ನುಗ್ಗುವುದು ನಿಲ್ಲುತ್ತದೆಯೇ?

ಉತ್ತರ: ನೀವು ಕೊಟ್ಟಿರುವ ಸಂಖ್ಯೆಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ಹನ್ನೊಂದು ಕೋಟಿಯಲ್ಲ, ಶೇ 90. ಕಾಮಗಾರಿಯ ಭೌತಿಕ ಪ್ರಗತಿಯನ್ನು ಕಟ್ಟಿ ಮುಗಿಸಿದ ಗೋಡೆಯ ಉದ್ದದಲ್ಲಿ ಲೆಕ್ಕ ಹಾಕುತ್ತಾರೆ, ಆರ್ಥಿಕ ಪ್ರಗತಿಯನ್ನು ಪಾವತಿಯಾದ ಬಿಲ್ಲುಗಳಲ್ಲಿ. ಕಾಲುವೆಯಲ್ಲಿ ಎಷ್ಟು ನೀರು ತಡೆಯಿಲ್ಲದೆ ಹರಿದುಹೋಗುತ್ತದೆ ಎಂಬುದನ್ನು ಈ ಎರಡೂ ಹೇಳುವುದಿಲ್ಲ. ಗುತ್ತಿಗೆದಾರರು ಸಹಜವಾಗಿಯೇ ಜಾಗ ಬಿಡುವಾಗಿರುವ, ಯಂತ್ರ ಇಳಿಸಲು ದಾರಿಯಿರುವ ಕಡೆಯಿಂದ ಕೆಲಸ ಆರಂಭಿಸುತ್ತಾರೆ. ರೈಲು ಹಳಿಯ ಕೆಳಗಿನ ಕಿಂಡಿ, ಹಳೆಯ ರಸ್ತೆಯ ಮೋರಿ, ಒತ್ತುವರಿಯಾದ ತಿರುವು, ನ್ಯಾಯಾಲಯದ ತಡೆಯಾಜ್ಞೆ ಇರುವ ತುಂಡು ಇವೆಲ್ಲ ಕೊನೆಗೆ ಉಳಿಯುತ್ತವೆ. ಕಾಲುವೆ ಅತಿ ಕಿರಿದಾಗಿರುವುದು ಸಾಮಾನ್ಯವಾಗಿ ಅಲ್ಲಿಯೇ. ಉಳಿದ ಭಾಗ ಹತ್ತು ಮೀಟರ್ ಅಗಲವಿದ್ದರೂ, ಮೂರು ಮೀಟರಿನ ಕಿಂಡಿಯೊಂದು ಎಷ್ಟನ್ನು ಬಿಡುತ್ತದೆಯೋ ಅಷ್ಟೇ ಇಡೀ ಕಾಲುವೆಯ ಸಾಮರ್ಥ್ಯವಾಗುತ್ತದೆ. ಆದ್ದರಿಂದ ಶೇ 90ರಷ್ಟು ಗೋಡೆಯಿಂದ ಶೇ 90ರಷ್ಟು ರಕ್ಷಣೆ ಸಿಗುವುದಿಲ್ಲ. ಮೇಲ್ಭಾಗದಲ್ಲಿ ನುಣುಪಾದ ಕಾಂಕ್ರೀಟ್ ಗೋಡೆ ಎದ್ದ ಮೇಲೆ ನೀರು ಮೊದಲಿಗಿಂತ ಬೇಗ ಕೆಳಕ್ಕೆ ಬಂದು ಅದೇ ಕಿಂಡಿಯ ಮುಂದೆ ಸೇರುವುದರಿಂದ, ತಗ್ಗಿನ ಬಡಾವಣೆಗಳ ಸ್ಥಿತಿ ಇನ್ನಷ್ಟು ಕೆಡುವುದೂ ಉಂಟು. ಕೆಲಸವನ್ನು ಕೆರೆ ಅಥವಾ ಹೊಳೆ ಸೇರುವ ತುದಿಯಿಂದ ಆರಂಭಿಸಿ ಮೇಲಕ್ಕೆ ಒಯ್ಯಬೇಕು ಎಂದು ಒತ್ತಿ ಹೇಳುವುದು ಈ ಕಾರಣಕ್ಕೆ.

ಇದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. ಸಮುದ್ರದ ಉಬ್ಬರದಿಂದ ವೆನಿಸ್ ನಗರವನ್ನು ಕಾಪಾಡಲು ಇಟಲಿ 2003ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಮೂರು ಅಳಿವೆಗಳಿಗೆ ಒಟ್ಟು 78 ಉಕ್ಕಿನ ಗೇಟುಗಳನ್ನು ಅಳವಡಿಸಬೇಕಿತ್ತು. ಮೂರೂ ಅಳಿವೆಗಳು ಮುಚ್ಚುವಂತಾಗುವವರೆಗೆ ಅದರಿಂದ ನಗರಕ್ಕೆ ಪ್ರಯೋಜನವಿರಲಿಲ್ಲ. 2019ರ ನವೆಂಬರ್ 12ರಂದು ಬಹುಪಾಲು ಹಣ ಖರ್ಚಾಗಿ, ಗೇಟುಗಳೂ ಸ್ಥಳದಲ್ಲಿದ್ದಾಗಲೇ, 187 ಸೆಂ.ಮೀ. ಉಬ್ಬರ ನಗರವನ್ನು ಮುಳುಗಿಸಿತು. 2020ರ ಅಕ್ಟೋಬರ್ 3ರಂದು ಗೇಟುಗಳು ಮೊದಲ ಬಾರಿಗೆ ನಿಜವಾದ ಉಬ್ಬರವನ್ನು ತಡೆದವು. ಎರಡೇ ತಿಂಗಳ ಬಳಿಕ, ಡಿಸೆಂಬರ್ 8ರಂದು, ಉಬ್ಬರದ ಮುನ್ಸೂಚನೆ ಕಡಿಮೆಯಿದ್ದುದರಿಂದ ಗೇಟುಗಳನ್ನು ಮೇಲೆತ್ತಿ ಅಳಿವೆಗಳನ್ನು ಮುಚ್ಚಲಿಲ್ಲ. ನಗರಕ್ಕೆ ಮತ್ತೆ ನೀರು ನುಗ್ಗಿತು. ಕಟ್ಟಿದ ಮೇಲೆ ನಡೆಸುವುದೂ ಯೋಜನೆಯ ಭಾಗವೇ.

ವೆಚ್ಚದ ವಿಷಯಕ್ಕೆ ಬರುತ್ತೇನೆ. ಒಂದು ಕಿ.ಮೀ. ಕಾಲುವೆಯೆಂದರೆ ಎರಡು ಬದಿಗೆ ಎರಡು ಕಿ.ಮೀ. ತಡೆಗೋಡೆ, ಅದರ ತಳಪಾಯ, ಕಾಲುವೆಯ ನೆಲಹಾಸು. ನಮ್ಮಲ್ಲಿ ರಾಜಕಾಲುವೆಗಳು ಬೇಸಿಗೆಯಲ್ಲೂ ಒಣಗುವುದಿಲ್ಲ, ಒಳಚರಂಡಿ ನೀರು ಹರಿಯುತ್ತಲೇ ಇರುತ್ತದೆ. ಅದನ್ನು ತಿರುಗಿಸಿ, ಬಸಿದು, ಕುಡಿಯುವ ನೀರಿನ ಕೊಳವೆ ಮತ್ತು ವಿದ್ಯುತ್ ಕೇಬಲ್‌ಗಳನ್ನು ಸ್ಥಳಾಂತರಿಸಿದ ಮೇಲಷ್ಟೇ ತಳಪಾಯ ಅಗೆಯಲು ಸಾಧ್ಯ. ಮುಂಗಾರು ಪೂರ್ವ ಮಳೆ ಏಪ್ರಿಲ್–ಮೇ ತಿಂಗಳಿನಲ್ಲಿ ಬರುವುದರಿಂದ ನೆಮ್ಮದಿಯಿಂದ ಕೆಲಸ ಮಾಡಲು ಸಿಗುವುದು ವರ್ಷಕ್ಕೆ ನಾಲ್ಕೈದು ತಿಂಗಳು. ಒಂದು ಬೇಸಿಗೆ ಭೂವಿವಾದದಲ್ಲಿ ಕಳೆದುಹೋದರೆ ಅಂದಾಜು ಪಟ್ಟಿಯ ದರಗಳು ಹಳತಾಗುತ್ತವೆ, ಪರಿಷ್ಕೃತ ಅಂದಾಜು ಸಲ್ಲಿಕೆಯಾಗುತ್ತದೆ. ಹೀಗಾಗಿ ಕಿಲೋಮೀಟರಿಗೆ ಹನ್ನೊಂದು ಕೋಟಿಯನ್ನು ಕೇಳಿದೊಡನೆ ದುಂದು ಎನ್ನಲಾರೆ. ಆ ಹಣದಲ್ಲಿ ಇಕ್ಕಟ್ಟಿನ ಕಿಂಡಿ ಅಗಲವಾಗುತ್ತದೆಯೋ, ಬಿಡುವಿನ ಜಾಗದಲ್ಲಿ ಇನ್ನಷ್ಟು ಗೋಡೆ ಮಾತ್ರ ಏಳುತ್ತದೆಯೋ ಎಂಬುದರ ಮೇಲೆ ಅದರ ಸಾರ್ಥಕತೆ ನಿಂತಿದೆ.

ಇನ್ನೊಂದು ಲೆಕ್ಕವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬೆಂಗಳೂರಿನ ಮಳೆನೀರಿನ ನಿರ್ವಹಣೆ ಕುರಿತು ಮಹಾಲೇಖಪಾಲರು ನಡೆಸಿದ, 2021ರಲ್ಲಿ ವಿಧಾನಮಂಡಲಕ್ಕೆ ಸಲ್ಲಿಕೆಯಾದ ಲೆಕ್ಕಪರಿಶೋಧನಾ ವರದಿಯ ಪ್ರಕಾರ, ಕೋರಮಂಗಲ ಕಣಿವೆಯಲ್ಲಿ ಹಿಂದೆ ಸುಮಾರು 113 ಕಿ.ಮೀ. ಇದ್ದ ಕಾಲುವೆ ಸುಮಾರು 63 ಕಿ.ಮೀ.ಗೆ ಇಳಿದಿದೆ, ವೃಷಭಾವತಿ ಕಣಿವೆಯಲ್ಲಿ 226 ಕಿ.ಮೀ. ಇದ್ದದ್ದು 112 ಕಿ.ಮೀ.ಗೆ. ಕಾಲುವೆ ಅಳಿದರೂ ಮಳೆ ಅಳಿಯಲಿಲ್ಲ. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು, ಅಷ್ಟು ಮಳೆ ಒಂದು ಚದರ ಕಿ.ಮೀ. ಮೇಲೆ ಬಿದ್ದರೆ 13 ಕೋಟಿ ಲೀಟರಿಗೂ ಹೆಚ್ಚು, ಅಂದರೆ 12,000 ಲೀಟರಿನ ಸುಮಾರು 11,000 ಟ್ಯಾಂಕರ್ ನೀರು. ಇದನ್ನೆಲ್ಲ ಗೋಡೆಗಳ ನಡುವೆಯೇ ಸಾಗಿಸುತ್ತೇವೆ ಎಂದರೆ ಎಷ್ಟು ಕೋಟಿಯೂ ಸಾಲದು. ಕೆರೆಗಳ ಹೂಳೆತ್ತಿ, ಕೋಡಿಗೆ ಗೇಟು ಅಳವಡಿಸಿ, ಮಳೆಗಾಲಕ್ಕೆ ಮುನ್ನ ಅವುಗಳಲ್ಲಿ ಸ್ವಲ್ಪ ಜಾಗ ಖಾಲಿ ಇಟ್ಟುಕೊಂಡರೆ ಮಳೆಯ ಮೊದಲ ರಭಸ ಅಲ್ಲಿ ತಂಗುತ್ತದೆ. ಇದಕ್ಕೆ ತಗಲುವ ಹಣ ಗೋಡೆಗೆ ತಗಲುವುದಕ್ಕಿಂತ ಬಹಳ ಕಡಿಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಬಡಾವಣೆಗೆ ನೀರು ನುಗ್ಗುವುದು ನಿಲ್ಲುತ್ತದೆಯೇ ಎಂಬುದಕ್ಕೆ ಉತ್ತರ ಕಾಮಗಾರಿಯ ಕಡತದಲ್ಲಿಯೇ ಇರುತ್ತದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಶೇಕಡಾವಾರು ಪ್ರಗತಿಯನ್ನು ಕೇಳದೆ, ನಿಮ್ಮ ಬಡಾವಣೆಯಿಂದ ಕೆಳಗಿನ ಕೆರೆಯವರೆಗೆ ಕೆಲಸವಾಗದೆ ಉಳಿದಿರುವ ತುಂಡುಗಳ ಪಟ್ಟಿ, ಪ್ರತಿಯೊಂದಕ್ಕೂ ಕಾರಣ, ಪ್ರತಿ ಮೋರಿಯ ಅಗಲ ಮತ್ತು ತಳಮಟ್ಟ, ಹೂಳೆತ್ತಲು ಈ ವರ್ಷ ಮೀಸಲಿಟ್ಟ ಮೊತ್ತ ಇವುಗಳನ್ನು ಕೇಳಿ. ಜೊತೆಗೆ ಮುಂದಿನ ಸಲ ನೀರು ಬಂದಾಗ ಗೋಡೆಯ ಮೇಲೆ ಅದರ ಮಟ್ಟವನ್ನು ಗುರುತು ಹಾಕಿ, ದಿನಾಂಕ ಮತ್ತು ಸಮಯ ಬರೆದಿಡಿ. ಮಳೆ ನಿಂತ ಬಳಿಕವೂ ನೀರು ಏರುತ್ತಲೇ ಇದ್ದರೆ ಅಡಚಣೆ ಕೆಳಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಆಗ ನಿಮ್ಮ ಬೀದಿಯ ಗೋಡೆಯನ್ನು ಇನ್ನೂ ಒಂದಡಿ ಎತ್ತರಿಸುತ್ತೇವೆ ಎಂಬ ಪ್ರಸ್ತಾವಕ್ಕೆ ಒಪ್ಪಬೇಡಿ, ಆ ಹಣವನ್ನು ಮೊದಲು ಕೆಳಗಿನ ಕಿಂಡಿಗೆ ಹಾಕುವಂತೆ ಲಿಖಿತವಾಗಿ ಕೇಳಿ.